ಗಡ್ಡೆಗೆ ನೆತ್ತರು ತರುವ ದಾರಿ

ನಾನು ಪೆಥಾಲಜಿ ವಿಭಾಗದಲ್ಲಿ ದುಡಿದ ವೈದ್ಯ. ಶಸ್ತ್ರಚಿಕಿತ್ಸಕರು ತೆಗೆದು ಕಳಿಸಿದ ಗಡ್ಡೆಯ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ನಮ್ಮ ಕೆಲಸ. "ಬಯಾಪ್ಸಿ ರಿಪೋರ್ಟ್ ಬಂತೇ?" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತೀರಲ್ಲ, ಆ ರಿಪೋರ್ಟ್ ಬರೆಯುವವರು ನಾವು. ರೋಗಿಯ ಮುಖ ನಮಗೆ ಕಾಣುವುದು ಅಪರೂಪ. ಅವರ ಗಡ್ಡೆಯ ಮುಖ ಮಾತ್ರ ಚೆನ್ನಾಗಿ ಗೊತ್ತು.

ಆ ಗಾಜಿನ ಪಟ್ಟಿಯಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ನಡುವೆ ಒಂದು ಪುಟ್ಟ ರಕ್ತನಾಳ, ಅಡ್ಡಕ್ಕೆ ಕೊಯ್ದ ಬಳ್ಳಿಯ ಹಾಗೆ. ಅದರ ಸುತ್ತ ನೇರಳೆ ಬಣ್ಣ ಹಿಡಿದ ಕ್ಯಾನ್ಸರ್ ಕೋಶಗಳು ಸಾಲುಸಾಲಾಗಿ ಒತ್ತಿಕೊಂಡಿರುತ್ತವೆ, ಬೇಸಿಗೆಯಲ್ಲಿ ಊರ ನಲ್ಲಿಯ ಸುತ್ತ ಕೊಡಗಳು ನೆರೆದ ಹಾಗೆ. ನಾಳದಿಂದ ಸ್ವಲ್ಪ ದೂರ ಹೋದರೆ ಸಾಲು ತಟ್ಟನೆ ನಿಂತುಬಿಡುತ್ತದೆ. ಆಚೆಗೆ ಕೋಶಗಳಿಲ್ಲ, ಮಂಕು ಗುಲಾಬಿ ಬಣ್ಣದ ಪುಡಿ ಮಾತ್ರ. ಅದು ಉಸಿರಿಲ್ಲದೆ ಸತ್ತ ಕೋಶಗಳ ರಾಶಿ. 1955ರಲ್ಲಿ ಇಂಗ್ಲೆಂಡಿನ ಟಾಮ್ಲಿನ್ಸನ್ ಮತ್ತು ಗ್ರೇ ಎಂಬ ಇಬ್ಬರು ಶ್ವಾಸಕೋಶದ ಗಡ್ಡೆಗಳಲ್ಲಿ ಈ ಅಂತರವನ್ನು ಅಳೆದರು. ರಕ್ತದಿಂದ ಹೆಚ್ಚುಕಡಿಮೆ 180 ಮೈಕ್ರಾನ್ ದಾಟಿದರೆ ಕೋಶಕ್ಕೆ ಬದುಕಿಲ್ಲ ಎಂದು ಕಂಡುಕೊಂಡರು. 180 ಮೈಕ್ರಾನ್ ಅಂದರೆ ನೀವು ಬರೆಯುವ ಕಾಗದದ ಎರಡು ಹಾಳೆಗಳ ದಪ್ಪ. ಕ್ಯಾನ್ಸರ್ ಎಂದರೆ ಮಿತಿಯೇ ಇಲ್ಲದೆ ಬೆಳೆಯುವ ರೋಗ ಎಂದು ನಾವೆಲ್ಲ ಹೆದರುತ್ತೇವೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಎರಡು ಹಾಳೆಯಷ್ಟು ದೂರದಲ್ಲಿ ನೆತ್ತರು ಹರಿಯದಿದ್ದರೆ ಅದೂ ಸಾಯುತ್ತದೆ.

ಈ ಮಿತಿಯನ್ನೇ ಹಿಡಿದು ಚಿಕಿತ್ಸೆಗೆ ದಾರಿ ಹುಡುಕಬಹುದು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಅಮೆರಿಕದ ಜೂಡಾ ಫೋಕ್‌ಮನ್. ಇವತ್ತಿನ ಮಾತು ಬಹುಪಾಲು ಅವರ ವಿಚಾರವೇ. ಯಾಕೆಂದರೆ ಒಂದು ಸರಿಯಾದ ಆಲೋಚನೆ ಔಷಧವಾಗಿ ರೋಗಿಯ ಕೈಗೆ ಬರಲು ಎಷ್ಟು ವರ್ಷ ಹಿಡಿಯುತ್ತದೆ, ಬಂದ ಮೇಲೂ ಅದು ಎಷ್ಟು ಕೊಡುತ್ತದೆ, ಎಷ್ಟು ಕೊಡುವುದಿಲ್ಲ ಎಂಬುದು ಅವರ ಕತೆಯಲ್ಲಿ ತಿಳಿಯಾಗಿ ಕಾಣುತ್ತದೆ.

ಫೋಕ್‌ಮನ್ ಹುಟ್ಟಿದ್ದು 1933ರಲ್ಲಿ, ಯಹೂದಿ ಧರ್ಮಗುರುವೊಬ್ಬರ ಮಗನಾಗಿ. ಓದಿ ಶಸ್ತ್ರಚಿಕಿತ್ಸಕರಾದರು. 1960ರ ಸುಮಾರಿಗೆ ಅವರನ್ನು ಅಮೆರಿಕದ ನೌಕಾಪಡೆ ಬೆಥೆಸ್ಡಾದ ತನ್ನ ವೈದ್ಯಕೀಯ ಕೇಂದ್ರಕ್ಕೆ ಕರೆಸಿಕೊಂಡಿತು. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತ ಕೆಡದಂತೆ ಇಡುವುದು ಕಷ್ಟ. ರಕ್ತದ ಬದಲಿಗೆ ಕೊಡಬಹುದಾದ ದ್ರಾವಣವೊಂದು ಬೇಕಿತ್ತು. ಫೋಕ್‌ಮನ್ ಮತ್ತು ಅವರ ಜತೆಗಾರ ಫ್ರೆಡರಿಕ್ ಬೆಕರ್ ಮೊಲದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರ ನಾಳಗಳ ಮೂಲಕ ಆ ದ್ರಾವಣ ಹರಿಸಿ ಗ್ರಂಥಿಯನ್ನು ಜೀವಂತ ಉಳಿಸಿದರು. ಅದು ನಿಜಕ್ಕೂ ಜೀವಂತವಾಗಿದೆಯೇ ಎಂದು ನೋಡಲು ಇಲಿಯ ಕ್ಯಾನ್ಸರ್ ಕೋಶಗಳನ್ನು ಅದರೊಳಗೆ ಬಿಟ್ಟರು. ಕ್ಯಾನ್ಸರ್ ಬೆಳೆಯಿತು. ಆದರೆ ರಾಗಿಕಾಳಿನಷ್ಟಾಗಿ, ಒಂದೆರಡು ಮಿಲಿಮೀಟರಿಗೆ ನಿಂತುಬಿಟ್ಟಿತು. ಸತ್ತಿತೇ? ಇಲ್ಲ. ಅದೇ ರಾಗಿಕಾಳನ್ನು ಮತ್ತೆ ಇಲಿಯ ಮೈಯಲ್ಲಿಟ್ಟಾಗ ಭರದಿಂದ ಬೆಳೆದು ಇಲಿಯನ್ನೇ ಕೊಂದಿತು. ಗಾಜಿನ ಪಾತ್ರೆಯಲ್ಲಿ ಇಲ್ಲದ್ದು, ಇಲಿಯ ಮೈಯಲ್ಲಿ ಇದ್ದದ್ದು ಯಾವುದು? ಗಾಜಿನೊಳಗಿನ ಗಡ್ಡೆಗೆ ಹೊಸ ರಕ್ತನಾಳಗಳು ಬಂದು ಸೇರಿರಲಿಲ್ಲ.

ಹೆಚ್ಚಿನವರು ಇದನ್ನು ಪ್ರಯೋಗದ ದೋಷ ಎಂದು ಬದಿಗೆ ಸರಿಸುತ್ತಿದ್ದರೇನೋ. ಫೋಕ್‌ಮನ್ ಮನಸ್ಸಿನಲ್ಲಿ ಅದು ಹತ್ತು ವರ್ಷ ಕೂತಿತ್ತು. 34ನೇ ವಯಸ್ಸಿಗೇ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಮುಖ್ಯಸ್ಥರಾದ ಅವರು, 1971ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ತಮ್ಮ ವಾದವನ್ನು ಬರೆದರು. ಗಡ್ಡೆ ಏನೋ ಒಂದು ಸಂಕೇತವನ್ನು ಹೊರಗೆ ಬಿಡುತ್ತದೆ. ಅದನ್ನು ಕೇಳಿದ ಅಕ್ಕಪಕ್ಕದ ರಕ್ತನಾಳಗಳು ಹೊಸ ಕವಲು ಒಡೆದು ಗಡ್ಡೆಯ ಕಡೆಗೆ ಬೆಳೆಯುತ್ತವೆ. ಆ ಸಂಕೇತವನ್ನು ತಡೆದರೆ ಗಡ್ಡೆ ರಾಗಿಕಾಳಿಗಿಂತ ದೊಡ್ಡದಾಗದು. ಇಷ್ಟೇ ಅವರ ವಾದ.

ಇದನ್ನು ನಂಬಿದವರು ಬಹಳ ಕಡಿಮೆ. ಗಡ್ಡೆಯ ಸುತ್ತ ಕಾಣುವ ರಕ್ತನಾಳಗಳು ಬರೀ ಉರಿಯೂತದ ಫಲ, ಸತ್ತ ಕೋಶಗಳಿಗೆ ದೇಹ ತೋರುವ ಪ್ರತಿಕ್ರಿಯೆ ಎಂಬುದು ಆಗಿನ ತಿಳಿವಳಿಕೆ. ತಾನು ಮಾತಾಡಲು ಎದ್ದರೆ ಸಭೆಯಿಂದ ಹಲವರು ಎದ್ದು ಹೋಗುತ್ತಿದ್ದುದನ್ನು ಫೋಕ್‌ಮನ್ ಮುಂದೆ ನೆನಪಿಸಿಕೊಂಡಿದ್ದಾರೆ. ಇಲ್ಲಿ ನನ್ನ ವೃತ್ತಿಯವರ ತಪ್ಪನ್ನೂ ಒಪ್ಪಿಕೊಳ್ಳಬೇಕು. ಪ್ರಯೋಗಾಲಯಕ್ಕೆ ಬರುವ ಗಡ್ಡೆ ಫಾರ್ಮಲಿನ್‌ನಲ್ಲಿ ಮುಳುಗಿ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ. ಆಪರೇಷನ್ ಟೇಬಲ್ಲಿನ ಮೇಲೆ ಅದೇ ಗಡ್ಡೆ ಕೆಂಪಗೆ ಬಿಸಿಯಾಗಿ, ಮುಟ್ಟಿದರೆ ರಕ್ತ ಚಿಮ್ಮುವ ಹಾಗಿರುತ್ತದೆ. ನಾವು ಸತ್ತ ಗಡ್ಡೆಯನ್ನು ನೋಡುತ್ತಿದ್ದೆವು. ಫೋಕ್‌ಮನ್ ಜೀವಂತ ಗಡ್ಡೆಯನ್ನು ಕೈಯಲ್ಲಿ ಹಿಡಿದವರು. ಅವರಿಗೆ ಕಂಡದ್ದು ನಮಗೆ ಕಾಣದಿದ್ದುದಕ್ಕೆ ಇದೂ ಒಂದು ಕಾರಣ.

ಸಾಧಿಸಿ ತೋರಿಸಲು ಅವರು ಆರಿಸಿಕೊಂಡ ಜಾಗ ಮೊಲದ ಕಣ್ಣು. ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾದಲ್ಲಿ, ಒಂದೇ ಒಂದು ರಕ್ತನಾಳವಿಲ್ಲ. ಆದ್ದರಿಂದಲೇ ಅದು ತಿಳಿ, ಆದ್ದರಿಂದಲೇ ನಮಗೆ ಲೋಕ ಕಾಣುತ್ತದೆ. ಅಲ್ಲಿ ಹೊಸದಾಗಿ ಒಂದು ನಾಳ ಮೂಡಿದರೂ ಬರಿಗಣ್ಣಿಗೆ ಗೊತ್ತಾಗುತ್ತದೆ. ಪೊರೆಯ ಪದರಗಳ ನಡುವೆ ಪುಟ್ಟ ಜೇಬಿನಂತೆ ಬಿಡಿಸಿ, ಗಡ್ಡೆಯ ಚೂರನ್ನು ಅಲ್ಲಿಟ್ಟರು. ಕೆಲವು ದಿನಗಳಲ್ಲಿ ಕಣ್ಣಿನ ಅಂಚಿನಿಂದ ಕೆಂಪು ಎಳೆಗಳು ಹೊರಟು, ಆ ಚೂರಿನ ದಿಕ್ಕಿಗೇ ಸಾಲುಕಟ್ಟಿ ಬೆಳೆದವು. ಅವರ ಜತೆಗಾರ ಮೈಕೆಲ್ ಗಿಂಬ್ರೋನ್ ಇನ್ನೊಂದನ್ನೂ ತೋರಿಸಿದರು. ಕಣ್ಣೊಳಗಿನ ನೀರಿನಲ್ಲಿ ತೇಲಲು ಬಿಟ್ಟ ಗಡ್ಡೆ ಹಾಗೇ ಸಣ್ಣದಾಗಿ ಉಳಿಯಿತು. ರಕ್ತ ತುಂಬಿದ ಐರಿಸ್‌ಗೆ ತಾಗಿಸಿ ಇಟ್ಟದ್ದು ಸಾವಿರಾರು ಪಟ್ಟು ಬೆಳೆಯಿತು. ಮೊಲ ಅದೇ, ಕಣ್ಣೂ ಅದೇ, ಗಡ್ಡೆಯೂ ಅದೇ. ನೆತ್ತರು ಸಿಕ್ಕಿದ್ದಷ್ಟೇ ವ್ಯತ್ಯಾಸ.

ಹಾಗಾದರೆ ಆ ಸಂಕೇತ ಯಾವುದು? 1983ರಲ್ಲಿ ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ ಅವರ ತಂಡ ಗಡ್ಡೆಗಳು ಸ್ರವಿಸುವ ಒಂದು ಪ್ರೋಟೀನನ್ನು ಗುರುತಿಸಿತು. ಅದು ತಾಗಿದ ರಕ್ತನಾಳ ಸೋರತೊಡಗುತ್ತಿತ್ತು. ಡ್ವೊರಾಕ್ ಸ್ವತಃ ಪೆಥಾಲಜಿಯವರು. 1986ರಲ್ಲಿ ಅವರು ಬರೆದ ಒಂದು ಲೇಖನದ ಶೀರ್ಷಿಕೆ ಗಡ್ಡೆಗಳನ್ನು ಮಾಯದ ಗಾಯಗಳು ಎಂದು ಕರೆಯಿತು. ಇಷ್ಟು ಸರಿಯಾದ ಹೆಸರು ಬೇರೆ ಇಲ್ಲ ಎಂದು ನನಗನ್ನಿಸುತ್ತದೆ. ಬೆರಳು ಕೊಯ್ದುಕೊಂಡಾಗ ಗಾಯದ ಸುತ್ತ ಹೊಸ ಲೋಮನಾಳಗಳು ಚಿಗುರುತ್ತವೆ, ಗಾಯ ಕೂಡಿದ ಮೇಲೆ ಚಿಗುರುವುದು ನಿಲ್ಲುತ್ತದೆ. ಬಸುರಿಯ ಗರ್ಭಕೋಶದಲ್ಲಿ, ತಿಂಗಳು ತಿಂಗಳು ಮುಟ್ಟಿನ ಚಕ್ರದಲ್ಲಿ ಹೀಗೆಯೇ ಚಿಗುರಿ ನಿಲ್ಲುತ್ತದೆ. ಇವನ್ನು ಬಿಟ್ಟರೆ ದೊಡ್ಡವರ ಮೈಯಲ್ಲಿ ರಕ್ತನಾಳಗಳು ಹೊಸದಾಗಿ ಹುಟ್ಟುವುದು ವಿರಳ. ಗಡ್ಡೆ ಮಾಡುವುದಿಷ್ಟೇ: ಗಾಯವಾಗಿದೆ, ಬನ್ನಿ ಎಂದು ಕೂಗುತ್ತಲೇ ಇರುತ್ತದೆ, ನಿಲ್ಲಿಸುವುದಿಲ್ಲ.

1989ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯಲ್ಲಿದ್ದ ನಪೋಲಿಯೋನೆ ಫೆರಾರಾ, ಇಟಲಿಯ ಸಿಸಿಲಿಯಿಂದ ಬಂದ ವೈದ್ಯ, ರಕ್ತನಾಳದ ಒಳಪದರದ ಕೋಶಗಳನ್ನು ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿ ವಿಇಜಿಎಫ್ ಎಂದು ಕರೆದರು. ನೋಡಿದರೆ ಡ್ವೊರಾಕ್ ಕಂಡದ್ದೂ ಇದನ್ನೇ. 1993ರಲ್ಲಿ ಫೆರಾರಾ ತಂಡ ಇದನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು ಇಲಿಗಳಿಗೆ ಕೊಟ್ಟಾಗ ಗಡ್ಡೆಗಳ ಬೆಳವಣಿಗೆ ಕುಗ್ಗಿತು. ಗಡ್ಡೆಯ ಕೋಶಕ್ಕೆ ಆಮ್ಲಜನಕ ಸಾಲದಾದಾಗ ಈ ಪ್ರೋಟೀನನ್ನು ತಯಾರಿಸು ಎಂಬ ಆಜ್ಞೆ ಹೇಗೆ ಹೊರಡುತ್ತದೆ ಎಂಬುದನ್ನು ಬಿಡಿಸಿದ ಕೇಲಿನ್, ರ್‍ಯಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಫೋಕ್‌ಮನ್‌ಗೆ ಬರಲಿಲ್ಲ, ಅವರು 2008ರ ಜನವರಿಯಲ್ಲಿ, ಒಂದು ಸಮ್ಮೇಳನಕ್ಕೆ ಹೊರಟಿದ್ದಾಗ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು.

ನಡುವೆ 1998ರ ಮೇ ತಿಂಗಳ ಕತೆ ಹೇಳಲೇಬೇಕು. ಫೋಕ್‌ಮನ್ ಪ್ರಯೋಗಾಲಯದ ಮೈಕೆಲ್ ಓರೈಲಿ, ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಆಂಜಿಯೋಸ್ಟಾಟಿನ್, ಎಂಡೋಸ್ಟಾಟಿನ್ ಎಂಬ ಎರಡು ಪ್ರೋಟೀನುಗಳನ್ನು ಪತ್ತೆ ಮಾಡಿದ್ದರು. ಮೊದಲನೆಯದನ್ನು ಲೀಟರುಗಟ್ಟಲೆ ಇಲಿಯ ಮೂತ್ರದಿಂದ ಸೋಸಿ ತೆಗೆದರು ಎಂದರೆ ಆ ಶ್ರದ್ಧೆ ಎಂಥದ್ದೆಂದು ನೀವೇ ಊಹಿಸಿ. ಇಲಿಗಳ ಗಡ್ಡೆ ಕರಗಿತು. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ ಬಂತು. ಔಷಧ ತಯಾರಿಸಬೇಕಿದ್ದ ಪುಟ್ಟ ಕಂಪನಿಯ ಷೇರು ಒಂದೇ ದಿನದಲ್ಲಿ ಹಲವು ಪಟ್ಟು ಏರಿತು. ಆಸ್ಪತ್ರೆಗೆ ರೋಗಿಗಳ ಕರೆಗಳು ಹರಿದುಬಂದವು. ನಿಮಗೆ ಕ್ಯಾನ್ಸರ್ ಇದ್ದು ನೀವು ಇಲಿಯಾಗಿದ್ದರೆ ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಫೋಕ್‌ಮನ್ ಎಚ್ಚರಿಸಿದ್ದರು. ಅಮೆರಿಕದ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಆ ಎರಡು ಪ್ರೋಟೀನುಗಳು ನಿರೀಕ್ಷೆಯನ್ನು ಮುಟ್ಟಲಿಲ್ಲ. ಚೀನಾದಲ್ಲಿ ಎಂಡೋಸ್ಟಾಟಿನ್‌ನ ಒಂದು ರೂಪಕ್ಕೆ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಸಾಯುತ್ತಿರುವವರ ಕಿವಿಗೆ ಇಲಿಯ ಸುದ್ದಿಯನ್ನು ಮನುಷ್ಯನ ಸುದ್ದಿಯಂತೆ ಹಾಕುವುದು ಕ್ರೌರ್ಯ ಎಂದೇ ನಾನು ತಿಳಿದಿದ್ದೇನೆ. ಈಗಲೂ ವಾಟ್ಸಾಪಿನಲ್ಲಿ ಅದು ನಡೆದೇ ಇದೆ.

ಗೆದ್ದದ್ದು ಫೆರಾರಾ ಅವರ ಪ್ರತಿಕಾಯ. ಅದರ ಹೆಸರು ಬೆವಾಸಿಜುಮ್ಯಾಬ್. ಮೊದಲ ಬ್ರಾಂಡ್ ಹೆಸರು ಅವಾಸ್ಟಿನ್. ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ 813 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕೀಮೋ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 15.6 ತಿಂಗಳು ದಾಟಿ ಬದುಕಿದರು, ಕೀಮೋ ಜತೆಗೆ ಇದನ್ನೂ ಪಡೆದವರಲ್ಲಿ ಅರ್ಧದಷ್ಟು ಜನ 20.3 ತಿಂಗಳು ದಾಟಿದರು. 2004ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಫೋಕ್‌ಮನ್ ಬರೆದ ಲೇಖನಕ್ಕೆ ಆಗ 33 ವರ್ಷ.

ಐದು ತಿಂಗಳು ಹತ್ತಿರ. ಕಡಿಮೆ ಅನ್ನಿಸಿತೇ? ಮಗಳ ಮದುವೆ ನೋಡಿ ಹೋದವರಿಗೆ ಅದು ಕಡಿಮೆಯಲ್ಲ. ಆದರೆ ಗಡ್ಡೆಯನ್ನು ಉಪವಾಸ ಕೆಡವಿ ಕೊಲ್ಲುತ್ತೇವೆ ಎಂದುಕೊಂಡಿದ್ದ ಕನಸಿಗೆ ಇದು ಕಡಿಮೆಯೇ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಕೊಟ್ಟ ಒಪ್ಪಿಗೆಯನ್ನು ಅಮೆರಿಕ 2011ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಆಯುಷ್ಯ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ, ಅಪಾಯಗಳು ಮಾತ್ರ ನಿಚ್ಚಳವಾಗಿದ್ದವು. ಎಷ್ಟೋ ಮಹಿಳೆಯರು ಬೇಡಿಕೊಂಡರೂ ಆ ತೀರ್ಮಾನ ಬದಲಾಗಲಿಲ್ಲ. ಕಠಿಣವಾದ ತೀರ್ಮಾನ, ಆದರೆ ಸರಿಯಾದದ್ದು.

ಯಾಕೆ ಹೀಗಾಯಿತು? ರಕ್ತನಾಳ ನಮ್ಮದೇ ದೇಹದ ಆರೋಗ್ಯವಂತ ಕೋಶಗಳಿಂದ ಆದದ್ದು. ಕ್ಯಾನ್ಸರ್ ಕೋಶದಂತೆ ಅದು ವೇಷ ಬದಲಿಸುವುದಿಲ್ಲ, ಹಾಗಾಗಿ ಔಷಧಕ್ಕೆ ಬಗ್ಗದಿರುವ ಪ್ರಶ್ನೆ ಬರುವುದಿಲ್ಲ ಎಂದು ಮೊದಲಿಗೆ ಆಶಿಸಿದ್ದರು. ಆದರೆ ನಾವು ಒಂದು ಸಂಕೇತವನ್ನು ಕಟ್ಟಿದರೆ ಗಡ್ಡೆ ಇನ್ನೊಂದನ್ನು ಕಳಿಸಲು ಕಲಿಯುತ್ತದೆ. ಇನ್ನು ಕೆಲವು ಗಡ್ಡೆಗಳು ಹೊಸ ನಾಳ ತೋಡಿಸುವ ಗೋಜಿಗೇ ಹೋಗುವುದಿಲ್ಲ. ಮಂಡ್ಯದ ಕಡೆ ನಾಲೆಯ ಏರಿಯ ಮೇಲೆ ಮೋಟಾರು ಇಟ್ಟು ನೀರೆತ್ತುವುದನ್ನು ನೀವು ಕಂಡಿರಬಹುದು. ಹಾಗೆಯೇ ಯಕೃತ್ತು, ಶ್ವಾಸಕೋಶ, ಮಿದುಳಿನಲ್ಲಿ ಆಗಲೇ ಹರಿಯುತ್ತಿರುವ ನಾಳಗಳ ಮಗ್ಗುಲಲ್ಲೇ ಹರಡಿಕೊಂಡು ಹೋಗುತ್ತವೆ. ಹೊಸ ನಾಲೆಯನ್ನು ತಡೆಯುವ ಔಷಧ ಅಲ್ಲಿ ಏನು ಮಾಡೀತು?

ಇಲ್ಲಿ ರಾಕೇಶ್ ಜೈನ್ ಅವರ ಹೆಸರು ಬರುತ್ತದೆ. ಉತ್ತರ ಪ್ರದೇಶದ ಲಲಿತ್‌ಪುರದವರು, ಕಾನ್ಪುರದ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಹಾರ್ವರ್ಡಿನಲ್ಲಿ ಗಡ್ಡೆಗಳನ್ನು ಅಭ್ಯಾಸ ಮಾಡುತ್ತಿರುವವರು. ಕೊಳವೆಯಲ್ಲಿ ದ್ರವ ಹೇಗೆ ಹರಿಯುತ್ತದೆ, ಒತ್ತಡ ಎಲ್ಲಿ ಏರುತ್ತದೆ ಎಂದು ನೋಡುವ ಎಂಜಿನಿಯರ್ ಕಣ್ಣು ಅವರದು. ಗಡ್ಡೆಯ ರಕ್ತನಾಳಗಳು ಸೊಟ್ಟಂಪಟ್ಟ, ಎಲ್ಲೆಂದರಲ್ಲಿ ಸೋರುತ್ತವೆ. ಸೋರಿದ ದ್ರವ ಒಳಗೆ ತುಂಬಿ ಒತ್ತಡ ಏರಿದಾಗ ರಕ್ತವೂ ಸರಿಯಾಗಿ ಹರಿಯದು, ಕೀಮೋ ಔಷಧವೂ ಒಳಗಿನವರೆಗೆ ತಲುಪದು. ನಾಳಗಳನ್ನು ಕತ್ತರಿಸುವುದರ ಬದಲು ಹದವಾಗಿ ಔಷಧ ಕೊಟ್ಟು ಅವನ್ನು ರಿಪೇರಿ ಮಾಡಿದರೆ ಕೀಮೋ ಚೆನ್ನಾಗಿ ಒಳಗಿಳಿಯುತ್ತದೆ ಎಂದು ಜೈನ್ 2001ರಿಂದ ವಾದಿಸುತ್ತ ಬಂದರು. ಬೆವಾಸಿಜುಮ್ಯಾಬ್ ಕರುಳಿನ ಕ್ಯಾನ್ಸರಿನಲ್ಲಿ ಕೀಮೋ ಜತೆಯಲ್ಲೇ ಫಲ ಕೊಡುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ನಾನು ಕಂಡಿಲ್ಲ. ಕೊಲ್ಲಲೆಂದು ತಂದ ಔಷಧ ದುರಸ್ತಿ ಮಾಡಿಯೇ ಉಪಕಾರವಾಯಿತು.

ಇದರ ಫಲ ಈಗ ಯಕೃತ್ತಿನ ಕ್ಯಾನ್ಸರಿನಲ್ಲಿ ಕಾಣುತ್ತಿದೆ. ದೇಹದ ರಕ್ಷಣಾ ಕೋಶಗಳನ್ನು ಎಬ್ಬಿಸುವ ಅಟೆಜೋಲಿಜುಮ್ಯಾಬ್ ಎಂಬ ಔಷಧವನ್ನು ಬೆವಾಸಿಜುಮ್ಯಾಬ್ ಜತೆ ಕೊಟ್ಟಾಗ ಒಂದು ವರ್ಷ ದಾಟಿ ಬದುಕಿದ್ದವರು ನೂರಕ್ಕೆ 67. ಹಳೆಯ ಸೊರಾಫೆನಿಬ್ ಮಾತ್ರೆ ಪಡೆದವರಲ್ಲಿ ನೂರಕ್ಕೆ 55ರ ಆಸುಪಾಸು. 2020ರಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು.

ಆ ಸೊರಾಫೆನಿಬ್ ಕೂಡ ರಕ್ತನಾಳದ ಸಂಕೇತವನ್ನು ತಡೆಯುವ ಗುಂಪಿನದೇ. ನಮ್ಮ ದೇಶದಲ್ಲಿ ಅದಕ್ಕೆ ಬೇರೆಯೇ ಒಂದು ಚರಿತ್ರೆ ಇದೆ. ಬೇಯರ್ ಕಂಪನಿ ಅದನ್ನು ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಅದೇ ಔಷಧ ತಯಾರಿಸಲು ಕಡ್ಡಾಯ ಲೈಸೆನ್ಸ್ ಕೊಟ್ಟರು. ಬೆಲೆ ತಿಂಗಳಿಗೆ 8,800 ರೂಪಾಯಿಗೆ ಇಳಿಯಿತು. ಭಾರತದಲ್ಲಿ ಅದೇ ಮೊದಲ ಕಡ್ಡಾಯ ಲೈಸೆನ್ಸ್. ಬೆವಾಸಿಜುಮ್ಯಾಬ್‌ನ ಸಮಾನ ರೂಪಗಳನ್ನು, ಅಂದರೆ ಬಯೋಸಿಮಿಲರ್‌ಗಳನ್ನು, ಭಾರತದ ಕಂಪನಿಗಳು ತಯಾರಿಸಿದವು. ಬೆಂಗಳೂರಿನ ಬಯೋಕಾನ್ 2017ರಲ್ಲಿ ತನ್ನದನ್ನು ಮಾರುಕಟ್ಟೆಗೆ ತಂದಿತು. ಡಾಕ್ಟರು ಈ ಔಷಧ ಬರೆದರೆ, ಬಯೋಸಿಮಿಲರ್ ಸಿಗುತ್ತದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಅದು ನಿಮ್ಮ ಹಕ್ಕು.

ಗಡ್ಡೆಗೆಂದು ಹುಡುಕಿದ ಈ ದಾರಿ ಕಣ್ಣಿಗೂ ಬೆಳಕಾಯಿತು. ವಯಸ್ಸಾದವರ ಅಕ್ಷಿಪಟಲದಲ್ಲಿ ಸೋರುವ ಹೊಸ ನಾಳಗಳು ಹುಟ್ಟಿ ದೃಷ್ಟಿ ಹೋಗುವ ರೋಗವಿದೆ. ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ. ಅಲ್ಲಿಯೂ ಕೂಗುವುದು ಅದೇ ವಿಇಜಿಎಫ್. 2005ರಿಂದ ಬೆವಾಸಿಜುಮ್ಯಾಬ್‌ನ 1.25 ಮಿಲಿಗ್ರಾಂ, ಅಂದರೆ ಒಂದು ಹನಿಯಷ್ಟು ಔಷಧವನ್ನು ನೇರವಾಗಿ ಕಣ್ಣೊಳಗೆ ಚುಚ್ಚಿ ಲೆಕ್ಕವಿಲ್ಲದಷ್ಟು ಜನರ ದೃಷ್ಟಿ ಉಳಿಸಿದ್ದಾರೆ. ಗಡ್ಡೆಯ ಸಂಕೇತವನ್ನು ಮೊಲದ ಕಣ್ಣಿನಲ್ಲಿ ಕಂಡವರಿಗೆ ಈ ಫಲ ಸಿಕ್ಕಿದ್ದು ಮನುಷ್ಯನ ಕಣ್ಣಿನಲ್ಲಿ.

ಇನ್ನೊಂದು ವಿಷಯ. ಕ್ಯಾನ್ಸರನ್ನು ಉಪವಾಸ ಕೆಡವುತ್ತೇವೆ ಎಂದು ಪುಡಿ, ಕಷಾಯ, ಮಾತ್ರೆ ಮಾರುವವರು ಬಹಳ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಅದರಲ್ಲಿ ನಾಳಗಳನ್ನು ತಡೆಯುವ ಅಂಶವಿದೆ ಎಂದು ಫೋಕ್‌ಮನ್ ತಂಡದಲ್ಲೇ ಕಂಡುಕೊಂಡಿದ್ದರು. ಅದನ್ನೇ ಹಿಡಿದು, ಶಾರ್ಕ್ ಮೀನಿಗೆ ಕ್ಯಾನ್ಸರೇ ಬರುವುದಿಲ್ಲ ಎಂಬ ಸುಳ್ಳನ್ನು ಸೇರಿಸಿ, 1990ರ ದಶಕದಲ್ಲಿ ಶಾರ್ಕಿನ ಮೃದ್ವಸ್ಥಿಯ ಪುಡಿಯನ್ನು ಜಗತ್ತಿನಾದ್ಯಂತ ಮಾರಿದರು. ಶಾರ್ಕಿಗೂ ಕ್ಯಾನ್ಸರ್ ಬರುತ್ತದೆ. ಅದರ ಸಾರವನ್ನು ಶ್ವಾಸಕೋಶದ ಕ್ಯಾನ್ಸರಿನ 379 ರೋಗಿಗಳಿಗೆ ಕೊಟ್ಟು ಕ್ರಮವಾಗಿ ಪರೀಕ್ಷಿಸಿದಾಗ ಏನೂ ಪ್ರಯೋಜನ ಕಾಣಲಿಲ್ಲ. ಪುಡಿ ನಂಬಿ ಆಪರೇಷನ್ ಮುಂದೂಡಿದವರ ಗಡ್ಡೆಯನ್ನು ಆರು ತಿಂಗಳ ಬಳಿಕ ನನ್ನ ಗಾಜಿನ ಪಟ್ಟಿಯ ಮೇಲೆ ನೋಡಿದ್ದೇನೆ. ಮೊದಲ ಬಯಾಪ್ಸಿಯನ್ನೂ ನಾನೇ ನೋಡಿದ್ದೆ. ಎರಡರ ನಡುವಿನ ವ್ಯತ್ಯಾಸ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ, ನಿಮ್ಮ ಮನೆಯಲ್ಲಿ ಯಾರಾದರೂ ಬೆವಾಸಿಜುಮ್ಯಾಬ್ ಅಥವಾ ಇದೇ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಮಾತನ್ನು ಗಮನದಲ್ಲಿಡಿ. ಹೊಸ ನಾಳಗಳನ್ನು ತಡೆಯುವ ಔಷಧ ಗಡ್ಡೆಗೆ ಬೇರೆ, ಗಾಯಕ್ಕೆ ಬೇರೆ ಎಂದು ಭೇದ ಮಾಡುವುದಿಲ್ಲ. ಗಾಯ ಬೇಗ ಕೂಡುವುದಿಲ್ಲ, ರಕ್ತಸ್ರಾವವಾಗಬಹುದು, ಅಪರೂಪಕ್ಕೆ ಕರುಳಿನಲ್ಲಿ ರಂಧ್ರವೂ ಆಗಬಹುದು. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ. ಡ್ರಿಪ್ ಹಾಕಿಸಲು ಹೋದಾಗಲೆಲ್ಲ ಬಿಪಿ ನೋಡಿಸಿ, ಮೂತ್ರ ಪರೀಕ್ಷೆಯನ್ನು ತಪ್ಪಿಸಬೇಡಿ. ಯಕೃತ್ತಿನ ರೋಗಿಗಳು ಔಷಧ ಶುರು ಮಾಡುವ ಮುನ್ನ ಅನ್ನನಾಳದ ಉಬ್ಬಿದ ನಾಳಗಳಿಗಾಗಿ ಎಂಡೋಸ್ಕೋಪಿ ಮಾಡಿಸಿಕೊಳ್ಳಿ. ದೊಡ್ಡ ಆಪರೇಷನ್ ಇದ್ದರೆ ಬೆವಾಸಿಜುಮ್ಯಾಬ್ ನಿಲ್ಲಿಸಿ ಕನಿಷ್ಠ 28 ದಿನ ಕಳೆದಿರಬೇಕು. ಹಲ್ಲು ಕೀಳಿಸಲು ಹೋದರೂ ಸರಿ, ಕುರ್ಚಿಯ ಮೇಲೆ ಕೂರುವ ಮುನ್ನ ದಂತವೈದ್ಯರಿಗೆ ಆ ಔಷಧದ ಹೆಸರು ಹೇಳಿ. ಹೆಸರು ನೆನಪಿಡಲು ಕಷ್ಟವಾದರೆ ಚೀಟಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಿ.